ಶಾರ್ಲೆಟ್‌ನಿಂದ ನಂದಿಕೂರಿಗೆ: ಅರ್ಧ ಮಾತ್ರ ಬಂದ ಒಂದು ಕಾನೂನು

1990ರ ದಶಕದಲ್ಲಿ ಕನ್ನಡ ಪತ್ರಿಕೆಗಳನ್ನು ಓದುತ್ತಿದ್ದವರಿಗೆ ‘ಕೊಜೆಂಟ್ರಿಕ್ಸ್’ ಎಂಬ ಹೆಸರು ನೆನಪಿರಲೇಬೇಕು. ಯಾವುದೋ ಜ್ವರದ ಮಾತ್ರೆಯ ಹೆಸರಿನಂತೆ ಕೇಳಿಸುವ ಈ ಅಮೆರಿಕನ್ ಕಂಪನಿ, ದಕ್ಷಿಣ ಕನ್ನಡ ಜಿಲ್ಲೆಯ ನಂದಿಕೂರಿನಲ್ಲಿ 1000 ಮೆಗಾವಾಟ್‌ನ ಕಲ್ಲಿದ್ದಲು ವಿದ್ಯುತ್ ಸ್ಥಾವರ ಕಟ್ಟುತ್ತೇನೆಂದು ಬಂದು, ಏಳು ವರ್ಷಗಳ ಗದ್ದಲದ ನಂತರ ಒಂದು ಇಟ್ಟಿಗೆಯನ್ನೂ ಇಡದೆ ಹೊರಟುಹೋಯಿತು. ಆಗ ಊರಿನಲ್ಲಿದ್ದವರು ಅದನ್ನು ಎನ್ರಾನ್‌ನ ತಮ್ಮನೆಂದೇ ಭಾವಿಸಿದ್ದರು. ಅದರ ಮೂಲ ಊರು ಯಾವುದೆಂದು ವಿಚಾರಿಸಿದವರು ಕಡಿಮೆ. ನಮ್ಮ ಕೂಟದ ಕೆರೊಲೈನಾದ ಮಿತ್ರರಿಗೆ ಸ್ವಲ್ಪ ಮುಜುಗರ, ಸ್ವಲ್ಪ ಕುತೂಹಲ ಎರಡೂ ಆದೀತು: ಅದು ಅಪ್ಪಟ ಶಾರ್ಲೆಟ್ ಕಂಪನಿ. 1983ರಲ್ಲಿ ಅಲ್ಲೇ ಹುಟ್ಟಿದ್ದು.

ವಿದ್ಯುತ್ ನೀತಿಯನ್ನು ಸುಧಾರಿಸುವಾಗ ಜನರ ಮಾತನ್ನು ಕೇಳಬೇಕೇ, ಕೇಳುವುದಾದರೆ ಯಾವ ಹಂತದಲ್ಲಿ, ಯಾವ ಪ್ರಶ್ನೆಯ ಮೇಲೆ ಎಂಬ ಚರ್ಚೆ ಭಾರತದಲ್ಲಿ ಆಗಾಗ ಏಳುತ್ತದೆ. ಕೇಂದ್ರ ಸರ್ಕಾರ ಯಾವುದಾದರೂ ಕರಡನ್ನು ಹೊರಡಿಸಿ, ಸಲಹೆ ಆಕ್ಷೇಪಣೆಗಳಿದ್ದರೆ ಇಷ್ಟು ದಿನದೊಳಗೆ ಕಳಿಸಿ ಎಂದಾಗಲೆಲ್ಲ ಏಳುತ್ತದೆ. ನನ್ನ ಮಟ್ಟಿಗೆ ಈ ಪ್ರಶ್ನೆಗೆ ನಂದಿಕೂರಿನ ಕಥೆಗಿಂತ ಒಳ್ಳೆಯ ಪ್ರವೇಶದ್ವಾರವಿಲ್ಲ. ಆ ಕಥೆ ಶುರುವಾಗುವುದು ಕರಾವಳಿಯಲ್ಲಿ ಅಲ್ಲ, ಜಾರ್ಜಿಯಾದ ಪ್ಲೇನ್ಸ್ ಎಂಬ ಕಡಲೆಕಾಯಿ ಊರಿನಿಂದ ವಾಷಿಂಗ್ಟನ್‌ಗೆ ಹೋದ ಒಬ್ಬ ಅಧ್ಯಕ್ಷರಿಂದ.

ಅದಕ್ಕೂ ಮುಂಚೆ ಒಂದು ಮಾತು. ವಿದ್ಯುತ್ತಿನ ವಿಷಯದಲ್ಲಿ ಮೈಸೂರು ಸೀಮೆ ಕೆರೊಲೈನಾಕ್ಕಿಂತ ಹಿಂದಿರಲಿಲ್ಲ. ದಿವಾನ್ ಶೇಷಾದ್ರಿ ಅಯ್ಯರ್ ಯೋಚಿಸಿ, ಎಂಜಿನಿಯರ್ ದ ಲಾಟ್ಬಿನಿಯೇರ್ ರೂಪಿಸಿದ ಶಿವನಸಮುದ್ರದ ಜಲವಿದ್ಯುತ್ ಕೇಂದ್ರ 1902ರ ಜೂನ್‌ನಲ್ಲಿ, ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಯಂತ್ರಗಳೊಂದಿಗೆ, ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ ಕರೆಂಟು ಕಳಿಸಿತು. ಡ್ಯೂಕ್ ಎನರ್ಜಿಯ ಪೂರ್ವಜ ಕಂಪನಿ ಕಟಾಬ ನದಿಯ ಮೇಲೆ ತನ್ನ ಮೊದಲ ಕೇಂದ್ರ ಶುರುಮಾಡಿದ್ದು 1904ರಲ್ಲಿ. ಆ ಜಾಗದ ಹೆಸರು ಇಂಡಿಯಾ ಹುಕ್ ಎಂಬುದು ನಮಗೆ ಸಿಕ್ಕಿದ ಬೋನಸ್ಸು! ಎರಡೂ ಕಡೆ ಮೊದಲ ಗಿರಾಕಿ ಯಾರು ಎಂಬುದೂ ಒಂದೇ ಬಗೆ: ಅಲ್ಲಿ ಬಟ್ಟೆ ಗಿರಣಿ, ಇಲ್ಲಿ ಬ್ರಿಟಿಷರ ಗಣಿ. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರ ಆಗಸ್ಟ್ 5ರಂದು. ಮೈಸೂರಿನಲ್ಲಿ 1881ರಿಂದಲೇ ಪ್ರಜಾಪ್ರತಿನಿಧಿ ಸಭೆ ಇತ್ತು, ದಸರೆಯ ಹೊತ್ತಿಗೆ ರೈತರು ವರ್ತಕರು ಬಂದು ಅಹವಾಲು ಹೇಳಿಕೊಳ್ಳುತ್ತಿದ್ದರು. ಆದರೂ ಕಾವೇರಿಯ ನೀರಿನಿಂದ ಹುಟ್ಟಿದ ಶಕ್ತಿ ಮೊದಲು ಯಾರಿಗೆ ಹೋಗಬೇಕೆಂಬ ತೀರ್ಮಾನ ದಿವಾನರದು ಮತ್ತು ಗಣಿ ಕಂಪನಿಯದು. ಆ ಕಾಲಕ್ಕೆ ಅದು ವಿಶೇಷವೇನಲ್ಲ. ಮುಂದೆ ಪ್ರಜಾಪ್ರಭುತ್ವ ಬಂದಮೇಲೂ ಆ ಚಾಳಿ ಉಳಿಯಿತು ಎಂಬುದು ವಿಶೇಷ.

ಈಗ ಜಿಮ್ಮಿ ಕಾರ್ಟರ್ ಅವರ ಕಡೆಗೆ ಬರೋಣ. 1973ರ ತೈಲ ಆಘಾತದ ಬಿಸಿಯಲ್ಲಿ ಅಧಿಕಾರಕ್ಕೆ ಬಂದ ಕಾರ್ಟರ್ 1977ರ ಏಪ್ರಿಲ್‌ನಲ್ಲಿ ಇಂಧನ ಉಳಿತಾಯವನ್ನು ಯುದ್ಧಕ್ಕೆ ಸಮಾನವಾದ ನೈತಿಕ ಕರ್ತವ್ಯವೆಂದು ಸಾರಿದರು. ಮುಂದಿನ ವರ್ಷದ ನವೆಂಬರ್‌ನಲ್ಲಿ ಅವರು ಸಹಿ ಹಾಕಿದ ಐದು ಕಾನೂನುಗಳ ಗುಚ್ಛದಲ್ಲಿ ಒಂದು ‘ಪರ್ಪಾ’. ಸಾರ್ವಜನಿಕ ವಿದ್ಯುತ್ ಸಂಸ್ಥೆಗಳ ನಿಯಂತ್ರಣ ನೀತಿಯ ಕಾಯ್ದೆ ಎನ್ನಬಹುದು. ಇದಕ್ಕೆ ಎರಡು ಕೈಗಳಿದ್ದವು. ಬಲಗೈಯ ಸುದ್ದಿಯೇ ಎಲ್ಲರಿಗೂ ಗೊತ್ತು: ದೊಡ್ಡ ವಿದ್ಯುತ್ ಕಂಪನಿಗಳ ಏಕಸ್ವಾಮ್ಯವನ್ನು ಮುರಿದು, ಸಣ್ಣ ಸ್ವತಂತ್ರ ಉತ್ಪಾದಕರಿಂದಲೂ ಕರೆಂಟು ಕೊಳ್ಳಲೇಬೇಕೆಂದು ಅದು ವಿಧಿಸಿತು. ಆದರೆ ಬೆಲೆಗೆ ಒಂದು ಮಿತಿ ಇತ್ತು. ಅಷ್ಟೇ ಕರೆಂಟನ್ನು ದೊಡ್ಡ ಕಂಪನಿ ತಾನೇ ಉತ್ಪಾದಿಸಿದ್ದರೆ ಅಥವಾ ಬೇರೆ ಕಡೆಯಿಂದ ಕೊಂಡಿದ್ದರೆ ಎಷ್ಟು ಖರ್ಚಾಗುತ್ತಿತ್ತೋ ಅದಕ್ಕಿಂತ ಹೆಚ್ಚು ಕೊಡಬೇಕೆಂದು ಕಾನೂನು ಒತ್ತಾಯಿಸುವಂತಿರಲಿಲ್ಲ.

ಎಡಗೈ ಅಷ್ಟು ಪ್ರಸಿದ್ಧವಲ್ಲ. ಕಾಯ್ದೆಯ ಮೊದಲ ಭಾಗದಲ್ಲೇ ದರ ನಿಗದಿಯ ಆರು ಮಾನದಂಡಗಳನ್ನು ಪಟ್ಟಿಮಾಡಿ, ಹೆಚ್ಚು ಬಳಸಿದವರಿಗೆ ಕಡಿಮೆ ದರವೇಕೆ, ದಿನದ ಹೊತ್ತಿಗೆ ತಕ್ಕಂತೆ ಬೇರೆ ಬೇರೆ ದರ ಇರಬೇಕೇ ಎಂಬಂಥ ಪ್ರಶ್ನೆಗಳನ್ನು ಪ್ರತಿಯೊಂದು ರಾಜ್ಯದ ಆಯೋಗವೂ ಪರಿಶೀಲಿಸಬೇಕೆಂದಿತು. ಅದೂ ಬಾಗಿಲು ಮುಚ್ಚಿಕೊಂಡು ಅಲ್ಲ, ಸಾರ್ವಜನಿಕ ಪ್ರಕಟಣೆ ಕೊಟ್ಟು, ಸಾರ್ವಜನಿಕ ವಿಚಾರಣೆ ನಡೆಸಿ. ಕರೆಂಟು ಬಳಸುವ ಯಾವ ಗ್ರಾಹಕನಾದರೂ ಆ ವಿಚಾರಣೆಯಲ್ಲಿ ಪಕ್ಷಗಾರನಾಗಿ ನಿಲ್ಲುವುದು ಅವನ ಹಕ್ಕು ಎಂದಿತು. ಗ್ರಾಹಕನ ವಾದದಿಂದ ಆಯೋಗದ ನಿರ್ಧಾರಕ್ಕೆ ನಿಜವಾಗಿ ಸಹಾಯವಾದರೆ, ವಕೀಲರ ಮತ್ತು ತಜ್ಞರ ಖರ್ಚನ್ನು ಅವನಿಗೆ ತುಂಬಿಕೊಡಲು ಕೂಡ ದಾರಿ ಮಾಡಿತು. ಈ ಕಾನೂನನ್ನು ಮಿಸಿಸಿಪ್ಪಿ ರಾಜ್ಯ ಸುಪ್ರೀಂ ಕೋರ್ಟಿನವರೆಗೆ ಎಳೆದುಕೊಂಡು ಹೋಗಿ 1982ರಲ್ಲಿ ಸೋತಿತು. ಉತ್ಪಾದಕನಿಗೆ ಬಾಗಿಲು ತೆರೆದ ಕಾನೂನೇ ಗ್ರಾಹಕನಿಗೂ ಕುರ್ಚಿ ಹಾಕಿತ್ತು ಎಂಬುದನ್ನು ದಯವಿಟ್ಟು ನೆನಪಿಡಿ.

ಕೊಜೆಂಟ್ರಿಕ್ಸ್ ಈ ಬಲಗೈಯ ಕೂಸು. ಪರ್ಪಾ ಇಲ್ಲದಿದ್ದರೆ ಅದು ಹುಟ್ಟುತ್ತಲೇ ಇರಲಿಲ್ಲ. ಅದರ ತಂತ್ರ ಸರಳ: ಒಂದು ಕಾರ್ಖಾನೆಯ ಪಕ್ಕದಲ್ಲಿ ಸಣ್ಣ ಕಲ್ಲಿದ್ದಲು ಸ್ಥಾವರ ಕಟ್ಟುವುದು, ಹಬೆಯನ್ನು ಕಾರ್ಖಾನೆಗೆ ಮಾರುವುದು, ಕರೆಂಟನ್ನು ದೊಡ್ಡ ಕಂಪನಿಗೆ ಮಾರುವುದು. ಹೀಗೆ ನಾರ್ತ್ ಕೆರೊಲೈನಾದ ಸೌತ್‌ಪೋರ್ಟ್, ರಾಕ್ಸ್‌ಬರೊಗಳಲ್ಲಿ, ವರ್ಜೀನಿಯಾದ ಹೋಪ್‌ವೆಲ್, ಪೋರ್ಟ್ಸ್‌ಮತ್, ರಿಚ್ಮಂಡ್‌ಗಳಲ್ಲಿ ಸ್ಥಾವರಗಳೆದ್ದವು. ಚುರುಕಾದ ಸಂಸಾರಸ್ಥರ ಕಂಪನಿ, ಹೇಳಿದ ಹೊತ್ತಿಗೆ ಕೆಲಸ ಮುಗಿಸುತ್ತದೆಂಬ ಹೆಸರು. ಆದರೆ ಒಂದೇ ಕಡೆ ಸಾವಿರ ಮೆಗಾವಾಟ್ ಎಂಬುದು ಅದಕ್ಕೆ ಹೊಸ ಆಟ.

ಆ ಆಟಕ್ಕೆ ಕರೆದದ್ದು ನಮ್ಮವರೇ. 1991ರ ಆರ್ಥಿಕ ಬಿಕ್ಕಟ್ಟಿನಲ್ಲಿ ಕೈಯಲ್ಲಿ ಕಾಸಿಲ್ಲದ ಕೇಂದ್ರ ಸರ್ಕಾರ ಅದೇ ವರ್ಷ ಕಾನೂನು ತಿದ್ದಿ ವಿದ್ಯುತ್ ಉತ್ಪಾದನೆಯನ್ನು ಖಾಸಗಿಯವರಿಗೆ ತೆರೆಯಿತು. 1992ರ ಮಾರ್ಚ್‌ನಲ್ಲಿ ಹೊರಟ ಅಧಿಸೂಚನೆಯ ಪ್ರಕಾರ, ಸ್ಥಾವರ ತನ್ನ ಸಾಮರ್ಥ್ಯದ ಶೇಕಡಾ 68.5ರಷ್ಟು ಓಡಿದರೆ ಸಾಕು, ಹೂಡಿದ ಬಂಡವಾಳದ ಮೇಲೆ ಶೇಕಡಾ 16ರ ಲಾಭ ಖಾತರಿ. ಅದಕ್ಕಿಂತ ಹೆಚ್ಚು ಓಡಿದರೆ ಮೇಲಿನಿಂದ ಪ್ರೋತ್ಸಾಹಧನ. ಪರ್ಪಾದಲ್ಲಿದ್ದ ಬೆಲೆಯ ಮಿತಿ ಇಲ್ಲಿ ತಲೆಕೆಳಗಾಯಿತು. ಅಲ್ಲಿ ಕೊಳ್ಳುವವನು ಉಳಿಸುವ ಖರ್ಚು ಬೆಲೆಯ ಮೇಲ್ಮಿತಿ, ಇಲ್ಲಿ ಕಟ್ಟುವವನು ತೋರಿಸುವ ಖರ್ಚೇ ಬೆಲೆಯ ತಳಪಾಯ. ಕಟ್ಟಡದ ಬಿಲ್ಲು ಹಿಗ್ಗಿದಷ್ಟೂ ಲಾಭ ಹಿಗ್ಗುವ ಏರ್ಪಾಡು. ಕಾಂಟ್ರ್ಯಾಕ್ಟರಿಗೆ ಮನೆಯ ಖರ್ಚಿನ ಮೇಲೆ ಶೇಕಡಾವಾರು ಕಮಿಷನ್ ಒಪ್ಪಿಕೊಂಡ ಯಾವ ಗೃಹಸ್ಥನಿಗೂ ಮುಂದಿನದು ಗೊತ್ತಿರುತ್ತದೆ.

ಜನರ ಮಾತಿಗೆ ಭಾರತದ ಕಾನೂನಿನಲ್ಲಿ ಜಾಗವೇ ಇರಲಿಲ್ಲ ಎನ್ನುವಂತಿಲ್ಲ. 1910ರ ಬ್ರಿಟಿಷರ ಕಾಯ್ದೆಯಲ್ಲೇ ಲೈಸೆನ್ಸ್ ಕೇಳುವವನು ಅದನ್ನು ಪ್ರಕಟಿಸಬೇಕು, ಬಂದ ಆಕ್ಷೇಪಣೆಗಳನ್ನು ಪರಿಶೀಲಿಸದೆ ಲೈಸೆನ್ಸ್ ಕೊಡಬಾರದು ಎಂದಿತ್ತು. ಸ್ವತಂತ್ರ ಭಾರತದ 1948ರ ವಿದ್ಯುತ್ ಸರಬರಾಜು ಕಾಯ್ದೆಯ 29ನೆಯ ಕಲಮು ಇನ್ನೂ ಸ್ಪಷ್ಟ: ನಿಗದಿತ ಮೊತ್ತಕ್ಕಿಂತ ದೊಡ್ಡ ಯೋಜನೆಯನ್ನು ಗೆಜೆಟ್ಟಿನಲ್ಲೂ ಸ್ಥಳೀಯ ಪತ್ರಿಕೆಗಳಲ್ಲೂ ಪ್ರಕಟಿಸಬೇಕು, ಆಸಕ್ತರು ಮನವಿ ಸಲ್ಲಿಸಲು ಕನಿಷ್ಠ ಎರಡು ತಿಂಗಳು ಕೊಡಬೇಕು. ಎರಡು ತಿಂಗಳು! ಕಿವಿ ಇತ್ತು, ಆದರೆ ಅದು ಗೆಜೆಟ್ಟಿನ ಕೊನೆಯ ಪುಟದ ಸಣ್ಣ ಅಕ್ಷರಗಳ ಕಿವಿ. ಅದಕ್ಕೆ ಕೂಗಿ ಹೇಳುವ ರೂಢಿ ಬೆಳೆಯಲಿಲ್ಲ.

ಶರಾವತಿಯನ್ನೇ ನೋಡಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಮುಳುಗಿದ ಊರುಗಳ ಜನ ಮನೆ ಮಂಟಪ ಬಿಟ್ಟು ಲಾರಿಯಲ್ಲಿ ಸಾಮಾನು ಹೇರಿಕೊಂಡು ಹೊರಟರು. ಅವರ ಮಾತು ದಾಖಲಾದದ್ದು ಯಾವ ಸರ್ಕಾರಿ ಕಡತದಲ್ಲೂ ಅಲ್ಲ, ಲೋಕೋಪಯೋಗಿ ಇಲಾಖೆಯಲ್ಲಿ ಕೆಲಸಕ್ಕಿದ್ದ ನಾ. ಡಿಸೋಜ ಅವರ ‘ಮುಳುಗಡೆ’, ‘ದ್ವೀಪ’ ಕಾದಂಬರಿಗಳಲ್ಲಿ. 2002ರ ಗಿರೀಶ ಕಾಸರವಳ್ಳಿಯವರ ಚಿತ್ರದಿಂದ ‘ದ್ವೀಪ’ ನಮ್ಮ ಓದುಗರಿಗೆ ಚೆನ್ನಾಗಿ ಪರಿಚಿತ. ವಿದ್ಯುತ್ ಯೋಜನೆಯೊಂದರ ಸಾರ್ವಜನಿಕ ಅಹವಾಲು ಕನ್ನಡದಲ್ಲಿ ಕಾದಂಬರಿಯಾಗಿ ಬರಬೇಕಾಯಿತು ಎಂಬುದನ್ನು ಸಾಹಿತ್ಯದ ಹೆಮ್ಮೆಯೆನ್ನಬೇಕೋ ಆಡಳಿತದ ನಾಚಿಕೆಯೆನ್ನಬೇಕೋ, ನೀವೇ ಹೇಳಿ.

ಮುಂದಿನದು ಕೈಗಾ. ಕಾಳಿ ನದಿಯ ದಡದ ಅಣುವಿದ್ಯುತ್ ಸ್ಥಾವರಕ್ಕೆ ಬಂದ ವಿರೋಧಕ್ಕೆ ಕೂರಲು ಯಾವ ಸಭೆಯೂ ಇರಲಿಲ್ಲವಾದ್ದರಿಂದ ಶಿವರಾಮ ಕಾರಂತರು 1989ರಲ್ಲಿ ಕೆನರಾ ಕ್ಷೇತ್ರದಿಂದ ಲೋಕಸಭೆಗೇ ನಿಂತರು. ಶಿವನಸಮುದ್ರದಲ್ಲಿ ಕರೆಂಟು ಹುಟ್ಟಿದ 1902ರಲ್ಲೇ ಹುಟ್ಟಿದ ಅವರಿಗೆ ಆಗ 87. ಸೋತರು. ಚುನಾವಣೆ ಒಂದು ಯೋಜನೆಯ ಮೇಲೆ ಅಭಿಪ್ರಾಯ ಕೇಳುವ ಸಾಧನವಲ್ಲ ಎಂಬುದು ಸಾಬೀತಾಯಿತೇ ಹೊರತು ಕೈಗಾ ಸರಿಯೋ ತಪ್ಪೋ ಎಂಬುದು ತೀರ್ಮಾನವಾಗಲಿಲ್ಲ. 1994ರ ಮೇ ತಿಂಗಳಲ್ಲಿ ಕಟ್ಟುತ್ತಿದ್ದ ಮೊದಲ ಘಟಕದ ಗುಮ್ಮಟದ ಒಳಪದರ ಕಳಚಿ ಬಿದ್ದಾಗ ಕಾರಂತರ ಮಾತು ಹಲವರಿಗೆ ನೆನಪಾಗಿರಬೇಕು.

ಇಷ್ಟು ಹಿನ್ನೆಲೆಯಲ್ಲಿ ಕೊಜೆಂಟ್ರಿಕ್ಸ್ ಜತೆ 1992ರ ಜುಲೈನಲ್ಲಿ ಬಂಗಾರಪ್ಪನವರ ಸರ್ಕಾರ ಒಪ್ಪಂದಕ್ಕೆ ಸಹಿ ಹಾಕಿತು. ಟೆಂಡರ್ ಕರೆದಿರಲಿಲ್ಲ. ಕೇಂದ್ರ ಸರ್ಕಾರ ‘ತ್ವರಿತ ಪಥ’ ಎಂದು ಆರಿಸಿದ ಎಂಟು ಯೋಜನೆಗಳಲ್ಲಿ ಮಹಾರಾಷ್ಟ್ರದ ಎನ್ರಾನ್ ಜೊತೆ ಇದೂ ಸೇರಿತು. ರಾಜ್ಯ ವಿದ್ಯುತ್ ಮಂಡಳಿ ಹಣ ಕೊಡದಿದ್ದರೆ ರಾಜ್ಯ ಸರ್ಕಾರ, ಅದೂ ಕೊಡದಿದ್ದರೆ ಕೇಂದ್ರ ಸರ್ಕಾರ ಕೊಡಬೇಕೆಂಬ ಪ್ರತಿ-ಖಾತರಿಯ ಮಾತು ನಡೆಯಿತು. ಅಮೆರಿಕದ ಇಂಧನ ಕಾರ್ಯದರ್ಶಿ ಹೇಜಲ್ ಓಲಿಯರಿ 1994ರಲ್ಲಿ, ವಾಣಿಜ್ಯ ಕಾರ್ಯದರ್ಶಿ ರಾನ್ ಬ್ರೌನ್ 1995ರಲ್ಲಿ ಉದ್ಯಮಿಗಳ ದಂಡು ಕಟ್ಟಿಕೊಂಡು ದೆಹಲಿಗೆ ಬಂದರು. ಜೊತೆಗಿದ್ದ ಜನರಲ್ ಎಲೆಕ್ಟ್ರಿಕ್ ಹೊರಬಿದ್ದು ಹಾಂಗ್‌ಕಾಂಗಿನ ಚೈನಾ ಲೈಟ್ ಅಂಡ್ ಪವರ್ ಒಳಬಂತು. ಬಂಗಾರಪ್ಪ, ಮೊಯಿಲಿ, ದೇವೇಗೌಡ, ಪಟೇಲ್, ಕೃಷ್ಣ ಎಂದು ಐವರು ಮುಖ್ಯಮಂತ್ರಿಗಳನ್ನು ಯೋಜನೆ ಕಂಡಿತು. ಕಾಣದೇ ಇದ್ದದ್ದು ನಂದಿಕೂರಿನವರನ್ನು.

ಪಡುಬಿದ್ರಿಯಿಂದ ಒಳಗೆ ಹೋದರೆ ಸಿಗುವ ಆ ಸೀಮೆಯನ್ನು ಬಲ್ಲವರಿಗೆ ವಿವರಿಸಬೇಕಿಲ್ಲ. ಗದ್ದೆ, ತೆಂಗು, ಬಾವಿ ನೀರು, ಮನೆಯಂಗಳದಲ್ಲಿ ಮಲ್ಲಿಗೆ. ಶಂಕರಪುರದ ಸುತ್ತಿನಲ್ಲಿ ಬೆಳೆಯುವ ಈ ಉಡುಪಿ ಮಲ್ಲಿಗೆ ಹೆಂಗಸರು ಬೆಳಗಾಗುವ ಮುಂಚೆ ಮೊಗ್ಗು ಕಿತ್ತು ಕಟ್ಟಿ ಮಾರುವ ಬೆಳೆ. ಮನೆ ಖರ್ಚಿನ ದಿನದಿನದ ಕಾಸು ಅದರಿಂದ ಬರುತ್ತದೆ. ಪಕ್ಕದ ಮಟ್ಟುವಿನಲ್ಲಿ ವಾದಿರಾಜರ ಐತಿಹ್ಯವಿರುವ ಗುಳ್ಳ ಬದನೆ. ಇಂಥಲ್ಲಿ ಆಮದು ಕಲ್ಲಿದ್ದಲು ಸುಟ್ಟರೆ ಬೂದಿ ಎಲ್ಲಿಗೆ, ತಂಪು ಮಾಡಿದ ಸಮುದ್ರದ ನೀರು ಎಲ್ಲಿಗೆ, ಬಾವಿಗೆ ಉಪ್ಪು ಹತ್ತಿದರೆ ಯಾರು ಹೊಣೆ ಎಂದು ಜನ ಕೇಳಿದರು. ಇವು ಭಾವುಕ ಪ್ರಶ್ನೆಗಳಲ್ಲ, ಲೆಕ್ಕದ ಪ್ರಶ್ನೆಗಳು. ಕೇಳಿದ್ದು ಎಲ್ಲಿ? ಬೀದಿಯಲ್ಲಿ ಮತ್ತು ನ್ಯಾಯಾಲಯದಲ್ಲಿ. ನಂದಿಕೂರು ಜನಜಾಗೃತಿ ಸಮಿತಿಯಂಥ ಸ್ಥಳೀಯ ಸಂಘಟನೆ ಈ ಹೋರಾಟದಲ್ಲಿ ಬೆಳೆಯಿತು. ಪರಿಸರ ಅನುಮತಿಗೆ ಮುಂಚೆ ಸಾರ್ವಜನಿಕ ಅಹವಾಲು ಸಭೆ ಕಡ್ಡಾಯವಾದದ್ದು 1997ರ ಏಪ್ರಿಲ್‌ನ ತಿದ್ದುಪಡಿಯಿಂದ. ಅಂದರೆ ಸಹಿ ಬಿದ್ದು ಐದು ವರ್ಷಗಳ ನಂತರ ಭಾರತದ ಕಾನೂನಿಗೆ, ಊರವರನ್ನೂ ಒಂದು ಮಾತು ಕೇಳಬೇಕಲ್ಲ ಎಂದು ಹೊಳೆಯಿತು.

ಒಪ್ಪಂದದಲ್ಲಿ ಲಂಚದ ವಾಸನೆ ಇದೆಯೆಂಬ ಸಾರ್ವಜನಿಕ ಹಿತಾಸಕ್ತಿ ಅರ್ಜಿಯ ಮೇಲೆ ಕರ್ನಾಟಕ ಹೈಕೋರ್ಟು ಸಿಬಿಐ ತನಿಖೆಗೆ ಆದೇಶಿಸಿತು. ವಿಷಯ ಸುಪ್ರೀಂ ಕೋರ್ಟಿಗೆ ಹೋಗಿ, ಅದು ಆ ಆದೇಶವನ್ನು ರದ್ದುಮಾಡಿತು. ಆದ್ದರಿಂದ ಲಂಚದ ಆರೋಪ ಸಾಬೀತಾಯಿತೆಂದು ಯಾರೂ ಹೇಳುವಂತಿಲ್ಲ, ನಾನೂ ಹೇಳುವುದಿಲ್ಲ. 1999ರ ಡಿಸೆಂಬರ್‌ನಲ್ಲಿ ವಿಳಂಬ ಮತ್ತು ವ್ಯಾಜ್ಯಗಳ ಕಾರಣ ಕೊಟ್ಟು ಕೊಜೆಂಟ್ರಿಕ್ಸ್ ಶಾರ್ಲೆಟ್‌ಗೆ ಗಂಟುಮೂಟೆ ಕಟ್ಟಿತು. ದೇಶದ ಅಭಿವೃದ್ಧಿಗೆ ಅರ್ಜಿಗಳು ಅಡ್ಡಬಂದವೆಂದು ಇಂಗ್ಲಿಷ್ ಪತ್ರಿಕೆಗಳ ಸಂಪಾದಕೀಯಗಳು ಹಲುಬಿದವು. ನನಗೆ ಅನ್ನಿಸುವುದು ಬೇರೆ. ಕೋರ್ಟಿಗೆ ಹೋಗದೆ ಮಾತಾಡುವ ಒಂದು ಜಾಗವನ್ನು 1992ರಲ್ಲಿ ಕೊಟ್ಟಿದ್ದರೆ, ಬೆಲೆ, ಬೂದಿ, ನೀರು ಮೂರೂ ಆರು ತಿಂಗಳಲ್ಲಿ ಚರ್ಚೆಯಾಗಿ ಯೋಜನೆ ತಿದ್ದಿಕೊಂಡೋ ಕೈಬಿಟ್ಟೋ ಮುಗಿಯುತ್ತಿತ್ತು. ಅದೇ ಕಂಪನಿ ತನ್ನ ತವರಿನಲ್ಲಿ, 1977ರಿಂದ ಗ್ರಾಹಕರ ಪರ ವಾದಿಸುವುದಕ್ಕೇ ಸಂಬಳ ಪಡೆಯುವ ‘ಪಬ್ಲಿಕ್ ಸ್ಟಾಫ್’ ಎಂಬ ಸರ್ಕಾರಿ ಕಚೇರಿ ಇರುವ ರಾಜ್ಯದಲ್ಲಿ ಬೆಳೆದದ್ದು. ಪರ್ಪಾದ ಬಲಗೈ ಸಮುದ್ರ ದಾಟಿತು. ಎಡಗೈ ಶಾರ್ಲೆಟ್‌ನಲ್ಲೇ ಉಳಿಯಿತು.

ಸಾವಿರ ಮೆಗಾವಾಟ್ ನಿಜವಾಗಿ ಬೇಕಿತ್ತೇ ಎಂಬ ಪ್ರಶ್ನೆಯನ್ನು ಕೇಳಿದವರು ಬೆಂಗಳೂರಿನಲ್ಲೇ ಇದ್ದರು. ಭಾರತೀಯ ವಿಜ್ಞಾನ ಸಂಸ್ಥೆಯ ಅಮೂಲ್ಯ ರೆಡ್ಡಿ, 1974ರಲ್ಲಿ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರ ಕಟ್ಟಿದವರು. ಕರ್ನಾಟಕಕ್ಕೆ 2000ದ ಹೊತ್ತಿಗೆ ಎಷ್ಟು ವಿದ್ಯುತ್ ಬೇಕೆಂದು 1987ರ ಸರ್ಕಾರಿ ದೀರ್ಘಾವಧಿ ಯೋಜನೆ ಹಳೆಯ ಗೆರೆಯನ್ನೇ ಮುಂದಕ್ಕೆ ಎಳೆದು ಲೆಕ್ಕ ಹಾಕಿತ್ತು. ರೆಡ್ಡಿ ಮತ್ತು ಅವರ ಸಂಗಡಿಗರು ಪ್ರಶ್ನೆಯನ್ನೇ ತಿರುಗಿಸಿದರು. ಜನರಿಗೆ ಬೇಕಾದದ್ದು ಯೂನಿಟ್ಟುಗಳಲ್ಲ. ಓದಲು ಬೆಳಕು, ಗದ್ದೆಗೆ ನೀರು, ಸ್ನಾನಕ್ಕೆ ಬಿಸಿನೀರು. ಬುರುಡೆ ದೀಪ ಬದಲಿಸಿ, ಪಂಪ್‌ಸೆಟ್ ಸರಿಪಡಿಸಿ, ವಿದ್ಯುತ್ ಹೀಟರ್ ಬದಲು ಛಾವಣಿಯ ಮೇಲೆ ಸೂರ್ಯನಿಂದ ನೀರು ಕಾಯಿಸಿ, ಎಲ್ಲ ಮನೆಗಳಿಗೂ ಕರೆಂಟು ಕೊಟ್ಟರೂ, ಸರ್ಕಾರದ ಲೆಕ್ಕದ ಅರ್ಧಕ್ಕಿಂತ ಕಡಿಮೆ ವಿದ್ಯುತ್ತಿನಲ್ಲಿ ಕೆಲಸ ನಡೆಯುತ್ತದೆಂದು 1991ರಲ್ಲಿ ಅಂಕಿಸಂಖ್ಯೆ ಸಮೇತ ಪ್ರಕಟಿಸಿದರು. ಒಬ್ಬ ವಿಜ್ಞಾನಿ ತನ್ನ ರಾಜ್ಯದ ವಿದ್ಯುತ್ ನೀತಿಗೆ ಕೊಟ್ಟ ಇದಕ್ಕಿಂತ ಗಟ್ಟಿಯಾದ ಸಾರ್ವಜನಿಕ ಸಲಹೆ ನನಗೆ ತಿಳಿದಿಲ್ಲ. ಆದರೆ ಅದನ್ನು ಸಲ್ಲಿಸಲು ಯಾವ ಕೌಂಟರೂ ಇರಲಿಲ್ಲ, ಸಲ್ಲಿಸಿದರೆ ಉತ್ತರ ಕೊಡಲೇಬೇಕಾದ ಅಧಿಕಾರಿಯೂ ಇರಲಿಲ್ಲ. ಮುಂದಿನ ವರ್ಷವೇ ಶಾರ್ಲೆಟ್‌ನವರೊಂದಿಗೆ ಸಹಿಯಾಯಿತು. ರೆಡ್ಡಿ 2006ರಲ್ಲಿ ತೀರಿಕೊಂಡರು. ಬೆಂಗಳೂರಿನ ಛಾವಣಿಗಳ ಮೇಲೆ ಈಗ ಕಾಣುವ ಸೋಲಾರ್ ನೀರಿನ ತೊಟ್ಟಿಗಳನ್ನು ನೋಡಿದಾಗ ಆ ಸಲಹೆಯ ಒಂದು ಚೂರು ತಡವಾಗಿಯಾದರೂ ಊರು ಸೇರಿದೆ ಎನ್ನಿಸುತ್ತದೆ.

ಕಾನೂನಿನ ಎಡಗೈ ಕೊನೆಗೆ ಕರ್ನಾಟಕ ತಲುಪಿದ್ದೂ ವಿಚಿತ್ರ ದಾರಿಯಲ್ಲೇ. ವಾಷಿಂಗ್ಟನ್ನಿನ ವಿಶ್ವಬ್ಯಾಂಕ್ 1993ರಲ್ಲಿ ತನ್ನ ವಿದ್ಯುತ್ ನೀತಿ ಬದಲಿಸಿ, ಪಾರದರ್ಶಕ ನಿಯಂತ್ರಣ ವ್ಯವಸ್ಥೆಗೆ ಒಪ್ಪದ ಸರ್ಕಾರಗಳಿಗೆ ಸುಲಭವಾಗಿ ಸಾಲ ಕೊಡುವುದಿಲ್ಲವೆಂದಿತು. ಒರಿಸ್ಸಾ ಮೊದಲು ಒಪ್ಪಿತು. ಕರ್ನಾಟಕದ ವಿದ್ಯುತ್ ಸುಧಾರಣಾ ಕಾಯ್ದೆ 1999ರಲ್ಲಿ ಜಾರಿಗೆ ಬಂತು. ಕೆಇಬಿ ಒಡೆದು ಕೆಪಿಟಿಸಿಎಲ್ ಆಯಿತು, ಆದರೂ ಊರಿನಲ್ಲಿ ಇಂದಿಗೂ ಕರೆಂಟು ಹೋದರೆ ‘ಕೆಇಬಿಗೆ ಫೋನ್ ಮಾಡು’ ಎಂದೇ ಹೇಳುತ್ತಾರೆ. ಅದೇ ನವೆಂಬರ್‌ನಲ್ಲಿ, ಅಂದರೆ ಕೊಜೆಂಟ್ರಿಕ್ಸ್ ಹೊರಡುವ ಮುಂಚಿನ ತಿಂಗಳಲ್ಲೇ, ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ಸ್ಥಾಪನೆಯಾಯಿತು. ಅಮೆರಿಕದ ರಾಜ್ಯಗಳ ಆಯೋಗಗಳ ಅಚ್ಚಿನಲ್ಲಿ ಎರಕ ಹೊಯ್ದ ಸಂಸ್ಥೆ. ಹೂಡಿಕೆದಾರನ ಹಿಂದೆಯೇ ಬರಬೇಕಿದ್ದ ಕಿವಿ ಏಳು ವರ್ಷ ತಡವಾಗಿ, ಸಾಲದ ಷರತ್ತಾಗಿ ಬಂತು.

ಹಾಗೆ ಬಂದದ್ದರಿಂದ ಪ್ರಯೋಜನವಾಗಲಿಲ್ಲವೆಂದರೆ ಅನ್ಯಾಯವಾದೀತು. ಆಯೋಗದ ಮೊದಲ ದರ ಆದೇಶ 2000ದ ಡಿಸೆಂಬರ್‌ನಲ್ಲಿ ಬಂತು. ಅಲ್ಲಿಯವರೆಗೆ ಕರೆಂಟಿನ ದರ ವಿಧಾನಸೌಧದಲ್ಲಿ ತೀರ್ಮಾನವಾಗಿ ಬೆಳಿಗ್ಗೆ ಪತ್ರಿಕೆಯಲ್ಲಿ ಗೊತ್ತಾಗುತ್ತಿತ್ತು. ಈಗ ಕಂಪನಿ ತನ್ನ ಲೆಕ್ಕದ ಕಾಗದಗಳನ್ನು ಮುಂದಿಡಬೇಕು, ಯಾರು ಬೇಕಾದರೂ ಆಕ್ಷೇಪಿಸಬಹುದು, ಆಯೋಗ ಒಂದೊಂದಕ್ಕೂ ಉತ್ತರಿಸಬೇಕು. ಸಣ್ಣ ಕೈಗಾರಿಕೆಯವರು, ರೈತ ಸಂಘದವರು, ನಿವೃತ್ತ ಎಂಜಿನಿಯರುಗಳು ಬಂದು ನಿಂತರು. ಇಂಥ ಪರಿಶೀಲನೆಯಿಂದ ಬಯಲಾದ ಒಂದು ದೊಡ್ಡ ಸಂಗತಿ: ವರ್ಷಾನುಗಟ್ಟಲೆ ಮೀಟರಿಲ್ಲದ ಪಂಪ್‌ಸೆಟ್‌ಗಳ ಲೆಕ್ಕಕ್ಕೆ ಬರೆದಿದ್ದ ಯೂನಿಟ್ಟುಗಳಲ್ಲಿ ಬಹಳಷ್ಟು ನಿಜವಾಗಿ ತಂತಿಯಲ್ಲಿ ಸೋರಿದ್ದು, ಕಳುವಾದದ್ದು. ನಷ್ಟದ ಪ್ರಮಾಣ ಕಾಗದದ ಮೇಲೆ ಒಮ್ಮೆಗೇ ಶೇಕಡಾ 30ರ ಮೇಲೆ ಹೋಯಿತು. ರೈತ ಕರೆಂಟು ನುಂಗುತ್ತಾನೆ ಎಂಬ ದೂರಿನಲ್ಲಿ ಎಷ್ಟು ಭಾಗ ಇಲಾಖೆಯ ಪರದೆಯಾಗಿತ್ತೆಂಬುದು ಕಂಡಿತು.

ಆದರೆ ಈ ಕಿವಿ ಕೇಳುವುದು ಮುಖ್ಯವಾಗಿ ಬೆಲೆಯ ಮಾತನ್ನು. 2003ರ ವಿದ್ಯುತ್ ಕಾಯ್ದೆಯ ಕಲಮುಗಳನ್ನು ಸಾಲಾಗಿಟ್ಟು ಓದಿದರೆ ಇದು ಸ್ಪಷ್ಟ. 64ನೆಯ ಕಲಮಿನಲ್ಲಿ, ಸಾರ್ವಜನಿಕರ ಸಲಹೆ ಆಕ್ಷೇಪಣೆಗಳನ್ನು ಪರಿಗಣಿಸಿಯೇ 120 ದಿನಗಳಲ್ಲಿ ದರ ನಿಗದಿ ಮಾಡಬೇಕೆಂದಿದೆ. 3ನೆಯ ಕಲಮಿನಲ್ಲಿ, ಕೇಂದ್ರ ವಿದ್ಯುತ್ ಪ್ರಾಧಿಕಾರ ತಯಾರಿಸುವ ರಾಷ್ಟ್ರೀಯ ವಿದ್ಯುತ್ ಯೋಜನೆಯ ಕರಡನ್ನು ಪ್ರಕಟಿಸಿ ಸಾರ್ವಜನಿಕರ ಅಭಿಪ್ರಾಯ ಕೇಳಬೇಕೆಂದಿದೆ. ಅದೇ ಕಲಮಿನ ಮೊದಲ ಸಾಲಿನಲ್ಲಿ, ಇವೆಲ್ಲಕ್ಕೂ ತಾಯಿಯಾದ ರಾಷ್ಟ್ರೀಯ ವಿದ್ಯುತ್ ನೀತಿಯನ್ನು ಕೇಂದ್ರ ಸರ್ಕಾರ ರಾಜ್ಯ ಸರ್ಕಾರಗಳ ಮತ್ತು ಪ್ರಾಧಿಕಾರದ ಜೊತೆ ಸಮಾಲೋಚಿಸಿ ರೂಪಿಸಬೇಕು ಎಂದಷ್ಟೇ ಇದೆ. ‘ಸಾರ್ವಜನಿಕರು’ ಎಂಬ ಶಬ್ದ ಅಲ್ಲಿಲ್ಲ. ಮೊದಲ ನೀತಿ 2005ರ ಫೆಬ್ರವರಿಯಲ್ಲಿ ಹೊರಬಂತು. 2020ರ ಏಪ್ರಿಲ್‌ನಲ್ಲಿ, ದೇಶವೆಲ್ಲ ಲಾಕ್‌ಡೌನಿನಲ್ಲಿ ಬೀಗ ಹಾಕಿಕೊಂಡಿದ್ದಾಗ, ಕಾಯ್ದೆಯ ತಿದ್ದುಪಡಿಯ ಕರಡಿಗೆ ಅಭಿಪ್ರಾಯ ಕಳಿಸಲು ಕೊಟ್ಟ ಗಡುವು ಮೊದಲು 21 ದಿನ. ಗಲಾಟೆಯಾದ ಮೇಲೆ ಜೂನ್ 5ರವರೆಗೆ ವಿಸ್ತರಿಸಿದರು. ಮಾರನೆಯ ವರ್ಷ ಹೊಸ ವಿದ್ಯುತ್ ನೀತಿಯ ಕರಡು ಬಂತು. ಕರಡು ಪ್ರಕಟಿಸುವುದು ಒಳ್ಳೆಯ ಪದ್ಧತಿಯೇ, ಆದರೆ ಅದು ಮನಸ್ಸು ಬಂದರೆ ಕೊಡುವ ದಾನ, ಗ್ರಾಹಕ ಕೇಳಿ ಪಡೆಯುವ ಹಕ್ಕಲ್ಲ. 1948ರವರು ಕಾನೂನಿನಲ್ಲೇ ಬರೆದಿಟ್ಟ ಎರಡು ತಿಂಗಳಿಗೆ 21 ದಿನಗಳನ್ನು ಹೋಲಿಸಿ ನೋಡಿ.

ಭಾಷೆಯ ಮಾತು ಬೇರೆ. 2020ರಲ್ಲಿ ಪರಿಸರ ಪರಿಣಾಮದ ಕರಡು ಅಧಿಸೂಚನೆಯನ್ನು ಎಂಟನೆಯ ಪರಿಚ್ಛೇದದ ಎಲ್ಲ ಭಾಷೆಗಳಿಗೂ ಅನುವಾದಿಸಬೇಕೆಂದು ದೆಹಲಿ ಹೈಕೋರ್ಟ್ ಜೂನ್ ಕೊನೆಯಲ್ಲಿ ಆದೇಶಿಸಿತು. ಅದು ಪಾಲನೆಯಾಗದ್ದನ್ನು ಕಂಡು ಕರ್ನಾಟಕ ಹೈಕೋರ್ಟ್ ಆಗಸ್ಟ್‌ನಲ್ಲಿ ಅಂತಿಮ ಪ್ರಕಟಣೆಗೆ ತಾತ್ಕಾಲಿಕ ತಡೆ ಹಾಕಿತು. ಯಲ್ಲೂರಿನ ಮಲ್ಲಿಗೆ ಬೆಳೆಗಾರ್ತಿಯ ಅಭಿಪ್ರಾಯ ಬೇಕೆಂದರೆ ಅವಳು ಓದುವ ಭಾಷೆಯಲ್ಲಿ ಕೇಳಬೇಕು ಎಂಬ ಸರಳ ಮಾತಿಗೆ ಎರಡು ಹೈಕೋರ್ಟುಗಳು ಬೇಕಾದವು.

ಯಲ್ಲೂರಿನ ಹೆಸರು ಎತ್ತಿದ್ದಕ್ಕೆ ಕಾರಣವಿದೆ. ಕೊಜೆಂಟ್ರಿಕ್ಸ್ ಹೋದರೂ ಸ್ಥಾವರ ಹೋಗಲಿಲ್ಲ. ಬೇರೆ ಕಂಪನಿಗಳ ಕೈದಾಟಿ, ನಂದಿಕೂರಿನ ಮಗ್ಗುಲ ಯಲ್ಲೂರಿನಲ್ಲಿ 600 ಮೆಗಾವಾಟ್‌ನ ಎರಡು ಘಟಕಗಳು ಲ್ಯಾಂಕೊ ಕಾಲದಲ್ಲಿ 2010 ಮತ್ತು 2012ರಲ್ಲಿ ಶುರುವಾದವು. 2015ರಲ್ಲಿ ಅದಾನಿ ಸಮೂಹ ಕೊಂಡಿತು. ಬೂದಿ, ಉಪ್ಪು ನೀರು, ಹಾಳಾದ ಬಾವಿಗಳ ದೂರು ಹಿಡಿದು ಅದೇ ಜನಜಾಗೃತಿ ಸಮಿತಿ ಹಸಿರು ನ್ಯಾಯಮಂಡಳಿಗೆ ಹೋಯಿತು. 2022ರಲ್ಲಿ ನ್ಯಾಯಮಂಡಳಿ 52 ಕೋಟಿ ರೂಪಾಯಿಗೂ ಮಿಕ್ಕ ಪರಿಸರ ಪರಿಹಾರ ವಿಧಿಸಿತು. 1990ರ ದಶಕದಲ್ಲಿ ಹಳ್ಳಿಯವರು ಕೇಳಿದ ಲೆಕ್ಕದ ಪ್ರಶ್ನೆಗಳಿಗೆ ಸಿಕ್ಕ ಉತ್ತರ ಎನ್ನಬಹುದು. ಕಾಲು ಶತಮಾನದ ನಂತರ, ಬಿಲ್ಲಿನ ರೂಪದಲ್ಲಿ.

ಇಲ್ಲಿ ಎಲ್ಲ ಸ್ವರ್ಗವೆಂದು ನಾನು ಹೇಳಿದೆನೆಂದು ದಯವಿಟ್ಟು ತಿಳಿಯಬೇಡಿ. ಸೌತ್ ಕೆರೊಲೈನಾದಲ್ಲಿ 2007ರ ಕಾನೂನಿನಡಿ ಗ್ರಾಹಕರಿಂದ ಮುಂಗಡವಾಗಿ ಹಣ ವಸೂಲಿ ಮಾಡಿ ಕಟ್ಟುತ್ತಿದ್ದ ವಿ.ಸಿ. ಸಮ್ಮರ್ ಅಣು ರಿಯಾಕ್ಟರುಗಳನ್ನು ಸುಮಾರು 900 ಕೋಟಿ ಡಾಲರ್ ನುಂಗಿದ ಮೇಲೆ 2017ರ ಜುಲೈನಲ್ಲಿ ಅರ್ಧಕ್ಕೇ ಬಿಟ್ಟರು. ಆಯೋಗವೂ ಇತ್ತು, ವಿಚಾರಣೆಗಳೂ ಇದ್ದವು. ನಾರ್ತ್ ಕೆರೊಲೈನಾದಲ್ಲಿ 2021ರ ಕಾನೂನಿನ ಪ್ರಕಾರ ಇಂಗಾಲ ಇಳಿಸುವ ಯೋಜನೆಗೆ ಊರೂರಲ್ಲಿ ಜನರ ಅಹವಾಲು ಕೇಳಿ ಆದೇಶ ಬರೆದರು. 2025ರ ಜುಲೈನಲ್ಲಿ ಶಾಸನಸಭೆ ರಾಜ್ಯಪಾಲರ ವೀಟೊ ಮೀರಿ 2030ರ ಗುರಿಯನ್ನೇ ಅಳಿಸಿಹಾಕಿತು. ಇನ್ನು ಜಾರ್ಜಿಯಾದಲ್ಲಿ ಆಯೋಗದ ಸದಸ್ಯರನ್ನು ಜನರೇ ನೇರವಾಗಿ ಆರಿಸುತ್ತಾರೆ. ವರ್ಷಾನುಗಟ್ಟಲೆ ಯಾರೂ ಗಮನಿಸದ ಈ ಚುನಾವಣೆಗೆ, ವೋಗ್ಟ್ಲ್ ಅಣುಸ್ಥಾವರದ 3,000 ಕೋಟಿ ಡಾಲರಿಗೂ ಮೀರಿದ ಖರ್ಚು ಮತ್ತು ಏರಿದ ಬಿಲ್ಲುಗಳ ಕಾವಿನಲ್ಲಿ 2025ರ ನವೆಂಬರ್‌ನಲ್ಲಿ ಜನ ಬಂದರು, ಇಬ್ಬರು ಹಾಲಿ ಸದಸ್ಯರು ದೊಡ್ಡ ಅಂತರದಲ್ಲಿ ಸೋತರು. ಅಟ್ಲಾಂಟಾದ ನಮ್ಮವರಲ್ಲಿ ಮತದ ಹಕ್ಕಿದ್ದವರು ಎಷ್ಟು ಜನ ಹೋಗಿದ್ದಿರೋ ಗೊತ್ತಿಲ್ಲ, ಮುಂದಿನ ಕೂಟದಲ್ಲಿ ಕೇಳಬೇಕು.

ಕರ್ನಾಟಕದಲ್ಲಿ ಬೆಲೆಯ ಕಿವಿಗೂ ಈಗ ಕೆಲಸ ಕಡಿಮೆಯಾಗುತ್ತಿದೆ. 10 ಅಶ್ವಶಕ್ತಿವರೆಗಿನ ಪಂಪ್‌ಸೆಟ್‌ಗಳಿಗೆ 2008ರಿಂದ ಉಚಿತ. 200 ಯೂನಿಟ್ ಒಳಗಿನ ಮನೆಗಳಿಗೆ ಗೃಹಜ್ಯೋತಿ. ಅದರ ಉದ್ಘಾಟನೆ ಕಲಬುರಗಿಯಲ್ಲಿ 2023ರ ಆಗಸ್ಟ್ 5ರಂದು ಆಯಿತು, ಬೆಂಗಳೂರಿಗೆ ದೀಪ ಬಂದ ದಿನವೇ. ಬಡವರ ಮನೆಗೆ ಅದು ನಿಜವಾದ ನೆರವು, ಅದರಲ್ಲಿ ಎರಡು ಮಾತಿಲ್ಲ. ಆದರೆ ಸೊನ್ನೆ ಬಿಲ್ಲು ಪಡೆಯುವವನು ದರದ ವಿಚಾರಣೆಗೆ ಏಕೆ ಬಂದಾನು? ಇನ್ನು ಕೇಳಬೇಕಾಗಿ ಉಳಿದಿರುವುದು, ವಿದ್ಯುತ್ತನ್ನು ಎಲ್ಲಿ, ಹೇಗೆ, ಯಾರ ಜಮೀನಿನ ಮೇಲೆ ಉತ್ಪಾದಿಸುತ್ತೀರಿ ಎಂಬ ಪ್ರಶ್ನೆ.

ಅದು 2025ರ ಸೆಪ್ಟೆಂಬರ್‌ನಲ್ಲಿ ಶರಾವತಿ ಕಣಿವೆಯಲ್ಲೇ ಎದ್ದಿತು. ಅಗ್ಗದ ಕರೆಂಟಿನಿಂದ ನೀರನ್ನು ಮೇಲಕ್ಕೆತ್ತಿ ಬೇಡಿಕೆಯ ಹೊತ್ತಿಗೆ ಕೆಳಗೆ ಬಿಡುವ 2000 ಮೆಗಾವಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆಗೆ, ಸಿಂಗಳೀಕಗಳ ಅಭಯಾರಣ್ಯದ ನಡುವೆ ಸುರಂಗ ಕೊರೆಯುವುದರ ಬಗ್ಗೆ, ಸಾಗರದ ಕಡೆ ಕಾರ್ಗಲ್ಲಿನಲ್ಲೂ ಹೊನ್ನಾವರದ ಕಡೆ ಗೇರುಸೊಪ್ಪೆಯಲ್ಲೂ ಸಾರ್ವಜನಿಕ ಅಹವಾಲು ಸಭೆ ನಡೆಯಿತು. 1964ರಲ್ಲಿ ಯಾರೂ ಕೇಳದಿದ್ದ ಕಣಿವೆಯಲ್ಲಿ ಈ ಸಲ ಮೈಕು, ಶಾಮಿಯಾನ, ಬರೆದುಕೊಳ್ಳುವ ಗುಮಾಸ್ತರು. ಜನ ಸಾಲಾಗಿ ಎದ್ದು ನಿಂತು ಬೇಡವೆಂದರು. ಬೇಡವೆಂದದ್ದನ್ನು ಕನ್ನಡದಲ್ಲೇ ಬರೆದುಕೊಂಡರು.